ಕೋವಿ ಓದುತ್ತಿದ್ದ ಪೂವಯ್ಯ ಅಂಕಲ್

ಎಲ್ಲರೂ ಕೋವಿ ಮುಟ್ಟಿದ ಮೇಲೆ ಕೈ ತೊಳೆಯುತ್ತಾರೆ. ಪೂವಯ್ಯ ಅಂಕಲ್ ಮುಟ್ಟುವ ಮೊದಲೇ ತೊಳೆಯುತ್ತಿದ್ದರು. ಅಂಗಿಯ ತೋಳು ಮೊಣಕೈವರೆಗೆ ಮಡಚಿ, ಸೋಪು ಹಚ್ಚಿ, ಉಗುರಿನ ಸಂದಿಯನ್ನೂ ಬಿಡದೆ ತಿಕ್ಕಿ, ಬಿಳಿ ಟವೆಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡು, ಎರಡೂ ಕೈಗಳನ್ನು ಮುಂದಕ್ಕೆ ಹಿಡಿದು ಆಪರೇಷನ್ನಿಗೆ ಹೊರಟ ಡಾಕ್ಟರಂತೆ ಬಂದು ಮೇಜಿನ ಮುಂದೆ ಕೂರುವರು. ಯಾಕೆ ಅಂಕಲ್ ಇಷ್ಟು ಮಡಿ ಎಂದು ನಾನು ಒಮ್ಮೆ ತಮಾಷೆ ಮಾಡಿದ್ದೆ. "ಬೆವರಲ್ಲಿ ಉಪ್ಪಿದೆ ಶ್ರೀಧರ್. ನೂರು ವರ್ಷ ಉಳ್ಕೊಂಡು ಬಂದಿದೆ ಪಾಪ, ನಮ್ಮ ಕೈಯಿಂದ ತುಕ್ಕು ಹಿಡೀಬಾರದು," ಅಂದರು. ಆ "ಪಾಪ" ಎಂಬ ಮಾತನ್ನು ಅವರು ಮನುಷ್ಯರಿಗೆ ಬಳಸಿದ್ದಕ್ಕಿಂತ ಕೋವಿಗಳಿಗೆ ಬಳಸಿದ್ದೇ ಹೆಚ್ಚು.

ನಾನು ಅವರನ್ನು ಮೊದಲು ಕಂಡದ್ದು ಅಮೆರಿಕದ ಷಾರ್ಲಟ್ಟಿನ ಶಾಲೆಯೊಂದರ ಸಭಾಂಗಣದಲ್ಲಿ ನಡೆದ ನಮ್ಮ ಯುಗಾದಿ ಊಟದಲ್ಲಿ. ಅದು ತೊಂಬತ್ತರ ದಶಕದ ನಡುಭಾಗ. ನಾವೆಲ್ಲ ಬೆಂಗಳೂರು, ಮೈಸೂರುಗಳಿಂದ ಬಂದ ಕಂಪ್ಯೂಟರ್ ಜನ. ತಟ್ಟೆ ಹಿಡಿದು ನಿಂತರೂ ಕುಂತರೂ ವೀಸಾದ್ದೇ ಮಾತು. ಆ ಗದ್ದಲದ ನಡುವೆ ದಪ್ಪ ಮೀಸೆಯ ಕುಳ್ಳ ಮನುಷ್ಯರೊಬ್ಬರು ನೆಲದ ಮೇಲೆ ಕೂತು, ಮುರಿದ ಮಡಿಸುವ ಕುರ್ಚಿಯ ಸ್ಕ್ರೂವನ್ನು ಒಂದು ನಾಣ್ಯದಿಂದ ಬಿಗಿ ಮಾಡುತ್ತಿದ್ದರು. ಅವರ ಕನ್ನಡಕಕ್ಕೆ ದಾರದ ಬದಲು ಬೂಟಿನ ಲೇಸು ಕಟ್ಟಿತ್ತು. ಕುರ್ಚಿ ಸರಿಹೋದ ಮೇಲೆ ಮೊದಲು ತಾವೇ ಕೂತು ನೋಡಿ, ಆಮೇಲೆ ನನ್ನನ್ನು ಕೂರಿಸಿದರು. ಅಲ್ಲಿಂದ ಪರಿಚಯ ಶುರುವಾಯಿತು.

ಅವರು ಕೊಡಗಿನವರು. ಮೂವತ್ತು ವರ್ಷ ಭಾರತದ ಸೈನ್ಯದಲ್ಲಿ ಆಯುಧ ರಿಪೇರಿಯ ಕೆಲಸ ಮಾಡಿ ಸುಬೇದಾರರಾಗಿ ನಿವೃತ್ತರಾದವರು. ಮಗಳು ದೇಚಮ್ಮ ಷಾರ್ಲಟ್ಟಿನಲ್ಲಿ ನರ್ಸು. ಅವಳೇ ಅಪ್ಪ ಅಮ್ಮ ಇಬ್ಬರನ್ನೂ ಕರೆಸಿಕೊಂಡಿದ್ದಳು. ಬಂದ ಎರಡೇ ತಿಂಗಳಿಗೆ ಮನೆಯಲ್ಲಿ ಕೂತು ಕೂತು ಅಂಕಲ್‌ಗೆ ತಲೆ ಕೆಟ್ಟು, ಪಕ್ಕದ ಊರು ಫೋರ್ಟ್ ಮಿಲ್ಲಿನಿಂದ ಸ್ವಲ್ಪ ಆಚೆಗಿದ್ದ ಒಂದು ಕೋವಿ ಅಂಗಡಿಗೆ ಹೊಕ್ಕು ಕೆಲಸ ಕೇಳಿದರಂತೆ. ಅಂಗಡಿಯ ಯಜಮಾನ ಅರ್ಲ್ ಎಂಬಾತ, ಯಾರ ಕೈಯಲ್ಲೂ ಆಗದೆ ವರ್ಷದಿಂದ ಮೂಲೆಗೆ ಬಿದ್ದಿದ್ದ ಒಂದು ಜೋಡು ನಳಿಗೆಯ ಕೋವಿಯನ್ನು ಅವರ ಮುಂದಿಟ್ಟ. ಇವರು ಕೈ ತೊಳೆಯುವ ನೀರೆಲ್ಲಿದೆ ಎಂದು ಕೇಳಿದರು. ಮಧ್ಯಾಹ್ನದ ಹೊತ್ತಿಗೆ ಕೋವಿ ಸರಿಹೋಗಿತ್ತು, ಅಂಕಲ್‌ಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಬೆಂಚು ಸಿಕ್ಕಿತ್ತು.

ಅವರ ಕೆಲಸ ಹೆಸರಿಗೆ ಕೋವಿ ಶುಚಿ ಮಾಡುವುದು. ಆದರೆ ಯಾರಾದರೂ ಹಳೆಯದೊಂದನ್ನು ಮಾರಲು ತಂದರೆ ಅರ್ಲ್ ಸದ್ದಿಲ್ಲದೆ ಹಿಂದಿನ ಕೋಣೆಗೆ ಹೋಗಿ ಇವರಿಗೆ ತೋರಿಸಿಕೊಂಡು ಬರುತ್ತಿದ್ದ. ಇವರು ಹೇಳಿದ್ದನ್ನು ಮುಂದೆ ಬಂದು ತನ್ನ ಮಾತೆಂಬಂತೆ ಗಿರಾಕಿಗೆ ಹೇಳುತ್ತಿದ್ದ. ನನಗೆ ಅದನ್ನು ಕಂಡರೆ ಉರಿಯುತ್ತಿತ್ತು. ಅಂಕಲ್‌ಗೆ ಅದರ ಬಗ್ಗೆ ಏನೂ ಅನಿಸಿದಂತೆ ಕಾಣಲಿಲ್ಲ. ಅಥವಾ ಹಾಗೆ ನಾನು ಅಂದುಕೊಂಡಿದ್ದೆ.

ಶನಿವಾರಗಳಂದು ನಾನು ಸುಮ್ಮನೆ ಆ ಅಂಗಡಿಗೆ ಹೋಗಿ ಅವರ ಬೆಂಚಿನ ಪಕ್ಕ ಕೂರುತ್ತಿದ್ದೆ. ಅವರು ಕೋವಿ "ನೋಡುತ್ತಿರಲಿಲ್ಲ", "ಓದುತ್ತಿದ್ದರು". ಅದಕ್ಕೊಂದು ಕ್ರಮವಿತ್ತು. ಮೊದಲು ಸ್ಕ್ರೂಗಳು: ಅವುಗಳ ತಲೆಯಲ್ಲಿ ಗೀರಿದ್ದರೆ ಯಾರೋ ಅಜ್ಞಾನಿ ಕೈಹಾಕಿದ್ದಾನೆ ಎಂದು ಅರ್ಥ. ಆಮೇಲೆ ನಂಬರು: ಗುಂಡು ತುಂಬುವ ಸಿಲಿಂಡರಿನ ಮೇಲೂ ನಳಿಗೆಯ ಮೇಲೂ ಒಡಲಿನ ಮೇಲೂ ಒಂದೇ ನಂಬರು ಇರಬೇಕು, ಇಲ್ಲದಿದ್ದರೆ ಎರಡು ಮೂರು ಹೆಣಗಳನ್ನು ಕೂಡಿಸಿ ಮಾಡಿದ ಕೋವಿ ಅದು. ಆಮೇಲೆ ಸರ್ಕಾರದ ಮುದ್ರೆಗಳು. ಮುದ್ರೆಯ ಅಂಚಿನ ಮೇಲೆ ಚೂಪು ಮಾಡಿದ ಬೆಂಕಿಕಡ್ಡಿ ಆಡಿಸಿ, ಅದು ಹಳೆಯ ಕಾಲದಲ್ಲಿ ಹೊಡೆದದ್ದೋ ನಿನ್ನೆ ಮೊನ್ನೆ ಹೊಡೆದದ್ದೋ ಹೇಳುವರು. ಮಾಡಿದವರ ಹೆಸರನ್ನು ಕಟ್ಟಕಡೆಗೆ ಓದುವರು. ಹೆಸರು ಮೊದಲೇ ಓದಿಬಿಟ್ಟರೆ ಕಣ್ಣು ತನಗೆ ಬೇಕಾದ್ದನ್ನೇ ನೋಡಿಕೊಂಡು ಹೋಗುತ್ತದೆ ಎಂದು ಅವರ ವಾದ. ಏನನ್ನೇ ಆಗಲಿ, ನೋಡಿದ ದಿನ ತೀರ್ಪು ಕೊಡುತ್ತಿರಲಿಲ್ಲ. ಮಾರನೆಯ ದಿನ ಇನ್ನೊಮ್ಮೆ ಕೈ ತೊಳೆದು, ಇನ್ನೊಮ್ಮೆ ಓದಿ, ಆಮೇಲೆ ಬಾಯಿ ಬಿಡುವರು.

ಕೋವಿಯ ವಿಷಯದಲ್ಲಿ ಎಷ್ಟು ಗಟ್ಟಿಯೋ ಮನುಷ್ಯರ ವಿಷಯದಲ್ಲಿ ಅಷ್ಟೇ ಮೆತ್ತಗೆ. ಒಮ್ಮೆ ಅಟ್ಲಾಂಟಾದ ಉತ್ತರಕ್ಕೆ, ಜಾನ್ಸ್ ಕ್ರೀಕ್ ಕಡೆ, ನನ್ನ ಗೆಳೆಯನ ಮನೆಯ ಗೃಹಪ್ರವೇಶಕ್ಕೆ ಅವರನ್ನೂ ಕರೆದುಕೊಂಡು ಹೋಗಿದ್ದೆ. ಗೆಳೆಯ ಗೋಡೆಯ ಮೇಲೆ ನೇತುಹಾಕಿದ್ದ ಒಂದು ಕಠಾರಿಯನ್ನು ಇಳಿಸಿ ತಂದು, ಇದು ನವಾಬರ ಕಾಲದ್ದು ಎಂದು ಎಲ್ಲರ ಮುಂದೆ ಇವರ ಕೈಗೆ ಕೊಟ್ಟ. ಅಂಕಲ್ ಎದ್ದು ಹೋಗಿ ಕೈ ತೊಳೆದುಕೊಂಡು ಬಂದರು. ಇಪ್ಪತ್ತು ನಿಮಿಷ ತಿರುಗಿಸಿ ತಿರುಗಿಸಿ ನೋಡಿದರು. ಊಟದ ಎಲೆ ಹಾಕಿದ್ದರೂ ಯಾರೂ ಏಳಲಿಲ್ಲ. ಕೊನೆಗೆ, "ತುಂಬಾ ಜೋಪಾನವಾಗಿ ಇಟ್ಕೊಂಡಿದ್ದೀರಿ," ಎಂದು ವಾಪಸ್ಸು ಕೊಟ್ಟರು. ಗೆಳೆಯನಿಗೆ ಪರಮ ಸಂತೋಷವಾಯಿತು.

ವಾಪಸ್ಸು ಬರುವಾಗ ಕಾರಿನಲ್ಲಿ, ಅದಕ್ಕೆ ಹೆಚ್ಚೆಂದರೆ ಹತ್ತು ವರ್ಷ ವಯಸ್ಸು ಅಂದರು. ಮತ್ತೆ ಅಲ್ಲೇ ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದೆ.

"ಕೊಳ್ಳೋಕೆ ಮೊದಲು ಕೇಳಿದ್ರೆ ಹೇಳ್ತಿದ್ದೆ. ಈಗ ಕೊಂಡಾಗಿದೆ. ಗೋಡೆಗೆ ಮೊಳೇನೂ ಹೊಡೆದಾಗಿದೆ. ಇನ್ನು ಹೇಳಿದ್ರೆ ಅವರಿಗೆ ಆ ಹೋಳಿಗೆ ಇಳೀತಿತ್ತಾ?"

ನನ್ನ ಆಫೀಸಿನ ಮೇಲಧಿಕಾರಿ ವಾಲ್ಟರ್‌ಗೆ ಹಳೆಯ ಸೇನಾ ಆಯುಧಗಳನ್ನು ಕೂಡಿಡುವ ಹುಚ್ಚು. ಅವನಿಗೆ ಪೂವಯ್ಯ ಅಂಕಲ್ ಬಗ್ಗೆ ಹೇಳಿದವನು ನಾನೇ. ಅದರಲ್ಲಿ ಅಂಕಲ್ ಮೇಲಿನ ಪ್ರೀತಿ ಎಷ್ಟಿತ್ತು, ವಾಲ್ಟರನ ಕಣ್ಣಿಗೆ ಒಳ್ಳೆಯವನಾಗುವ ಆಸೆ ಎಷ್ಟಿತ್ತು ಎಂದು ಈಗ ಕೇಳಿದರೆ ತಲೆ ತಗ್ಗಿಸುತ್ತೇನೆ. ನನ್ನ ಗ್ರೀನ್ ಕಾರ್ಡಿನ ಅರ್ಜಿಗೆ ಕಂಪನಿಯಿಂದ ಹೋಗಬೇಕಾದ ಪತ್ರಕ್ಕೆ ಸಹಿ ಹಾಕಬೇಕಾದವನು ಅವನೇ. ಆ ಪತ್ರ ಆರು ತಿಂಗಳಿಂದ ಅವನ ಮೇಜಿನ ಮೇಲಿತ್ತು.

ಆ ಬೇಸಿಗೆಯ ಕೊನೆಗೆ ಒಬ್ಬ ವಿಧವೆ ಅರ್ಲನ ಅಂಗಡಿಗೆ ಒಂದು ರಿವಾಲ್ವರ್ ತಂದಳು. ಗಂಡನ ಕಡೆಯ ಹಿರಿಯರೊಬ್ಬರು ಹಿಂದೂಸ್ಥಾನದಿಂದ ತಂದದ್ದು ಎಂದಷ್ಟೇ ಅವಳಿಗೆ ಗೊತ್ತಿತ್ತು. ನೂರು ವರ್ಷ ಹಳೆಯ, ನಡುವೆ ಮಡಿಚಿ ತೆರೆಯುವ ಇಂಗ್ಲಿಷ್ ಮಾದರಿ. ಅದರ ಒಡಲಿನ ಮೇಲೆ ಬಾಣದ ತಲೆಯ ಮುದ್ರೆಯಿತ್ತು, ಅಂದರೆ ಬ್ರಿಟಿಷ್ ಸರ್ಕಾರದ ಆಯುಧ. ಈ ಮುದ್ರೆಯೇ ತೊಂದರೆಯ ಮೂಲ ಎಂದು ಅಂಕಲ್ ನನಗೆ ವಿವರಿಸಿದ್ದರು. ಖಾಸಗಿಯಾಗಿ ಮಾರಿದ ಸಾಧಾರಣ ರಿವಾಲ್ವರಿಗೆ ಯಾರೋ ಆಮೇಲೆ ಬಾಣದ ಮುದ್ರೆ ಹೊಡೆದು ಸೈನ್ಯದ್ದೆಂದು ಮಾರುವುದು ಆ ಲೋಕದಲ್ಲಿ ಮಾಮೂಲು. ವಾಲ್ಟರ್ ಅದನ್ನು ಕೊಳ್ಳಲು ತುದಿಗಾಲಿನಲ್ಲಿ ನಿಂತಿದ್ದ. ಆದರೆ ನಿಜಕ್ಕೂ ಭಾರತದ ಪಡೆಯೊಂದರಲ್ಲಿ ಇದ್ದದ್ದು ಎಂದು ಖಾತ್ರಿಯಾಗದೆ ಕೊಳ್ಳುವವನಲ್ಲ.

ಅಂಕಲ್ ಅದನ್ನು ಮೂರು ದಿನ ಓದಿದರು. ಮೂರನೆಯ ದಿನ ನಾನೂ ಅಲ್ಲಿದ್ದೆ. ಹಿಡಿಯ ಎರಡು ಬದಿಗೆ ಸ್ಕ್ರೂವಿನಿಂದ ಕೂರಿಸಿದ ಮರದ ಹಲ್ಲೆಗಳನ್ನು, ಅಂದರೆ ಚಪ್ಪಟೆ ತುಂಡುಗಳನ್ನು, ಬಿಚ್ಚಿ, ಕಬ್ಬಿಣದ ಒಳಮೂಲೆಯನ್ನು ದೀಪದ ಕೆಳಗೆ ಹಿಡಿದು ನನ್ನನ್ನು ಕರೆದರು. ಅಲ್ಲಿ ಎಣ್ಣೆ ಜೊತೆ ಸೇರಿ ಅರಗಿನಂತೆ ಗಟ್ಟಿಯಾದ ಏನೋ ಒಂದು ಕೂತಿತ್ತು. ಕಪ್ಪಗಿತ್ತು, ಆದರೆ ಬೆಂಕಿಕಡ್ಡಿಯ ತುದಿಯಿಂದ ಒಂದು ಕಣ ಎಬ್ಬಿಸಿದಾಗ ಒಳಗೆ ಕೆಂಪು.

"ಅರ್ಲ್ ತುಕ್ಕು ಅಂತಾನೆ. ತುಕ್ಕಲ್ಲ ಇದು. ಕುಂಕುಮ," ಅಂದರು. "ಒಂದು ವರ್ಷದ್ದಲ್ಲ ಶ್ರೀಧರ್. ಪದರ ನೋಡಿ. ದಸರಾ ಮೇಲೆ ದಸರಾ. ಮುದ್ರೆ ಯಾರು ಬೇಕಾದ್ರೂ ಹೊಡೀಬಹುದು. ಇದನ್ನ ಇಲ್ಲಿ ಇಡಬೇಕು ಅಂತ ಯಾವ ಕಳ್ಳನಿಗೆ ಹೊಳೆಯುತ್ತೆ?"

ಅವರಿಗೆ ಅದು ಗೊತ್ತಿದ್ದದ್ದು ಪುಸ್ತಕದಿಂದಲ್ಲ. ಆಯುಧಪೂಜೆಯ ದಿನ ಪಡೆಯವರೆಲ್ಲ ಸೇರಿ ಕೋವಿಗಳಿಗೆ ಕುಂಕುಮ, ಗಂಧ ಮೆತ್ತಿ, ಲಡ್ಡು ತಿಂದು ಹೋಗುವರು. ಮಾರನೆಯ ದಿನದಿಂದ ವಾರಗಟ್ಟಲೆ ಕೂತು ಅದನ್ನು ಕೆರೆದು ತೆಗೆಯುವುದು ರಿಪೇರಿಯವರ ಪಾಡು. ಮೂವತ್ತು ವರ್ಷ ಕೆರೆದ ಮನುಷ್ಯ. ತಮ್ಮ ಕೊಡಗಿನವರು ಕೋವಿಯ ಬಾಯಿಗೆ ಹೂವು ಇಡುತ್ತಾರೆ, ಬಾಡಿದರೆ ಉದುರಿಹೋಗುತ್ತದೆ, ನಿಮ್ಮ ಮೈಸೂರಿನವರ ಕುಂಕುಮ ಕೂತರೆ ಏಳುವುದಿಲ್ಲ ಎಂದು ನನ್ನನ್ನು ಕಿಚಾಯಿಸಿದರು.

ವಾಲ್ಟರ್‌ಗೆ ಇದು ರೋಮಾಂಚನವಾಯಿತು. ಆದರೂ ಅವನು ವ್ಯವಹಾರಸ್ಥ. ವಾಷಿಂಗ್ಟನ್ ಪಕ್ಕದ ವರ್ಜೀನಿಯಾದಲ್ಲಿ ಇಂಥ ಆಯುಧಗಳಿಗೆ ಪ್ರಮಾಣಪತ್ರ ಬರೆದುಕೊಡುವ ಒಬ್ಬ ಪರಿಣತನಿದ್ದ. ಅವನು ಒಪ್ಪಿ ಬರೆದುಕೊಟ್ಟರೆ ಕೊಳ್ಳುವುದು, ಅಲ್ಲಿಯವರೆಗೆ ಹಲ್ಲೆ ಬಿಚ್ಚಬಾರದು, ಒರೆಸಬಾರದು ಎಂದು ತೀರ್ಮಾನವಾಯಿತು. ಆ ಪ್ರಮಾಣಪತ್ರದಲ್ಲಿ ಕುಂಕುಮ ಗುರುತಿಸಿದವರೆಂದು ಪೂವಯ್ಯನವರ ಹೆಸರು ಬರಬೇಕೆಂದು ವಾಲ್ಟರನೇ ಹೇಳಿದ. ಅರ್ಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆ ಪತ್ರ ಬಂದರೆ ಅಂಕಲ್‌ಗೆ ಮುಂದಿನ ಕೋಣೆಯಲ್ಲಿ ಮೇಜು, ಹೆಸರಿನ ಬೋರ್ಡು ಎಂದು ಮಾತು ಕೊಟ್ಟ. ಆವತ್ತು ಸಂಜೆ ಕಾವೇರಿ ಆಂಟಿ, ಅಂದರೆ ಅಂಕಲ್ ಹೆಂಡತಿ, ನಮ್ಮ ಮನೆಗೆ ಫೋನು ಮಾಡಿ, ನಿಮ್ಮ ಅಂಕಲ್ ಕನ್ನಡಿ ಮುಂದೆ ನಿಂತು ಮೀಸೆ ಕತ್ತರಿಸ್ತಾ ಇದ್ದಾರೆ ಎಂದು ನಕ್ಕರು. ಹೆಸರಿನ ಬಗ್ಗೆ ಅವರಿಗೆ ಏನೂ ಅನಿಸುವುದಿಲ್ಲ ಎಂದು ನಾನು ತಿಳಿದದ್ದು ಎಷ್ಟು ತಪ್ಪು ಎಂದು ನನಗೆ ಆಗ ಗೊತ್ತಾಯಿತು.

ಸೋಮವಾರ ವರ್ಜೀನಿಯಾದಲ್ಲಿ ಭೇಟಿ. ವಾಲ್ಟರ್ ಶುಕ್ರವಾರವೇ ಬೇರೆ ಕೆಲಸದ ಮೇಲೆ ವಾಷಿಂಗ್ಟನ್‌ಗೆ ವಿಮಾನದಲ್ಲಿ ಹೋಗುವವನಿದ್ದ. ನಾನು ಅಂಕಲ್‌ನ ಕೂರಿಸಿಕೊಂಡು ಡ್ರೈವ್ ಮಾಡಿಕೊಂಡು ಬರಬೇಕೆಂದು ಹೇಳಿ, ಅರ್ಲನಿಂದ ತಂದಿದ್ದ ರಿವಾಲ್ವರಿನ ಪೆಟ್ಟಿಗೆಯನ್ನೂ ಕೀಲಿಯನ್ನೂ ನನಗೆ ಒಪ್ಪಿಸಿದ. ಪೆಟ್ಟಿಗೆ ಮೂರು ದಿನ ನನ್ನ ಮನೆಯಲ್ಲಿತ್ತು. ನಡುವಿನ ಭಾನುವಾರ ಆಯುಧಪೂಜೆ.

ಪ್ರತಿ ವರ್ಷ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಆಯುಧಪೂಜೆ ಎಂದರೆ ಒಂದು ಸ್ಕ್ರೂಡ್ರೈವರ್, ನನ್ನ ಹೆಂಡತಿ ವೀಣಾಳ ಅಡುಗೆಮನೆಯ ಚಾಕು, ಕಂಪ್ಯೂಟರು, ಕೆಳಗೆ ನಿಂತ ಕಾರು. ಆ ಸಲ ಊಟಕ್ಕೆ ನಾಲ್ಕು ಸಂಸಾರ ಬಂದಿತ್ತು. ಮಾತಿನ ಹುಮ್ಮಸ್ಸಿನಲ್ಲಿ, ಈ ವರ್ಷ ನಮ್ಮ ಮನೆಯಲ್ಲಿ ನಿಜವಾದ ಆಯುಧ ಇದೆ ಎಂದು ನಾನೇ ಬಾಯಿ ಬಿಟ್ಟೆ. ಒಮ್ಮೆ ಬಾಯಿ ಬಿಟ್ಟ ಮೇಲೆ ತೋರಿಸದಿರಲು ಆಗುತ್ತದೆಯೆ? ತೋರಿಸಿದ ಮೇಲೆ ಪೂಜೆಗೆ ಇಡದಿರಲು ಆಗುತ್ತದೆಯೆ? ಅಂಕಲ್ ಮುಟ್ಟಬೇಡಿ ಅಂದಿದ್ರಲ್ಲ ಎಂದು ವೀಣಾ ನನ್ನ ತೋಳು ಹಿಡಿದು ಎರಡು ಸಲ ಹೇಳಿದಳು. ಬಿಚ್ಚಬೇಡಿ ಅಂದಿದ್ದಾರೆ, ಮುಟ್ಟಬೇಡಿ ಅಂದಿಲ್ಲ ಎಂದು ನಾನು ವಕೀಲಿ ಮಾಡಿದೆ. ತಟ್ಟೆಯಲ್ಲಿ ರಿವಾಲ್ವರ್ ಇಟ್ಟು, ಊರಿಂದ ತರಿಸಿದ್ದ ಕುಂಕುಮವನ್ನು ಒದ್ದೆ ಗಂಧದ ಮೇಲೆ ಧಾರಾಳವಾಗಿ ಹಚ್ಚಿ, ಆರತಿ ಎತ್ತಿದೆವು. ಎಲ್ಲರೂ ಫೋಟೋ ತೆಗೆಸಿಕೊಂಡರು.

ಅತಿಥಿಗಳು ಹೋದ ಮೇಲೆ ನೋಡುತ್ತೇನೆ, ಗಂಧದ ನೀರಿನ ಜೊತೆ ಕುಂಕುಮ ಇಳಿದು ಹಿಡಿಯ ಸಂದಿಗೆ ಹೊಕ್ಕಿತ್ತು. ಆಗಲೇ ಅಂಕಲ್‌ಗೆ ಫೋನು ಮಾಡಿದ್ದರೆ ಏನೋ ದಾರಿ ತೋರಿಸುತ್ತಿದ್ದರು. ನಾನು ಮಾಡಿದ್ದೇನು? ಪೂಜೆ ಮಾಡಿಸಿಕೊಂಡ ಅದೇ ಸ್ಕ್ರೂಡ್ರೈವರ್ ತೆಗೆದುಕೊಂಡು ಹಲ್ಲೆ ಬಿಚ್ಚಿದೆ. ಅದು ಜಾರಿ ಸ್ಕ್ರೂವಿನ ತಲೆಯ ಮೇಲೆ ಬಿಳಿಯ ಗೀರು ಬಿತ್ತು. ಔಷಧಿಯ ಡಬ್ಬದಲ್ಲಿದ್ದ ಸ್ಪಿರಿಟ್ಟನ್ನು ಕಾಗದದ ಟವೆಲಿಗೆ ಹಾಕಿ ಒಳಗೆಲ್ಲ ಒರೆಸಿದೆ. ಹೊಸ ಕೆಂಪಿನ ಜೊತೆ ನೂರು ವರ್ಷದ ಕಪ್ಪೂ ಎದ್ದು ಬಂತು. ಅದು ಏನೆಂದು ಗೊತ್ತಾಗುವ ಹೊತ್ತಿಗೆ ಟವೆಲು ಕಸದ ಬುಟ್ಟಿಯಲ್ಲಿತ್ತು, ಮೂಲೆಯಲ್ಲಿ ಹೊಸ ಕುಂಕುಮ ಮಾತ್ರ ಅಂಟಿಕೊಂಡು ಉಳಿದಿತ್ತು. ಹಲ್ಲೆ ಮುಚ್ಚಿದೆ. ಪೆಟ್ಟಿಗೆಗೆ ಬೀಗ ಹಾಕಿದೆ. ಪರಿಣತನಿಗೆ ಮುದ್ರೆ ನಂಬರುಗಳೇ ಸಾಕಾಗಬಹುದು, ಹಲ್ಲೆ ಬಿಚ್ಚದೆಯೂ ಇರಬಹುದು ಎಂದು ನನಗೆ ನಾನೇ ಹೇಳಿಕೊಂಡೆ.

ಸೋಮವಾರ ಬೆಳಿಗ್ಗೆ ಅಂಕಲ್ ಇಸ್ತ್ರಿ ಮಾಡಿದ ನೀಲಿ ಬ್ಲೇಜರ್ ತೊಟ್ಟು ತಮ್ಮ ಮನೆಯ ಬಾಗಿಲಲ್ಲೇ ನಿಂತಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಹೊದಿಕೆಯ ಒಳಗಿಟ್ಟ ಎರಡು ಹಾಳೆ. ಹಲ್ಲೆಯ ಕೆಳಗೆ ತಾವು ಕಂಡದ್ದನ್ನು ಪೆನ್ಸಿಲಿನಲ್ಲಿ ಚಿತ್ರ ಬರೆದು, ಪಕ್ಕದಲ್ಲಿ ಮುದ್ದಾದ ಇಂಗ್ಲಿಷಿನಲ್ಲಿ ವಿವರಿಸಿದ್ದರು: ಯಾವ ಮೂಲೆ, ಎಷ್ಟು ದಪ್ಪ, ಎಷ್ಟು ಪದರ. ದಾರಿಯುದ್ದಕ್ಕೂ ಅವರದೇ ಮಾತು. ಎಂದೂ ಇಲ್ಲದ ಹಾಗೆ ಒಂದು ಹಾಡನ್ನೂ ಗುನುಗಿದರು. ಏಳು ಗಂಟೆಯ ದಾರಿ. ಹೇಳಿಬಿಡಲು ನನಗೆ ಏಳು ಗಂಟೆ ಸಮಯವಿತ್ತು.

ಪರಿಣತನ ಕೋಣೆ ಅವನ ಮನೆಯ ನೆಲಮಾಳಿಗೆಯಲ್ಲಿತ್ತು. ವಾಲ್ಟರ್ ಮೆಟ್ರೋ ಹಿಡಿದು ನಮಗಿಂತ ಮೊದಲೇ ಬಂದು ಕೂತಿದ್ದ. ಅಂಕಲ್ ಕೈ ತೊಳೆದುಕೊಂಡು ಬಂದದ್ದನ್ನು ನೋಡಿ ಪರಿಣತ ಮೆಚ್ಚಿ ತಲೆಯಾಡಿಸಿದ. ಎರಡು ಹಾಳೆಗಳನ್ನು ಪೂರ್ತಿ ಓದಿ, ಇಂಥ ವಿವರಣೆ ತಾನು ಕಂಡದ್ದು ಅಪರೂಪ ಎಂದ. ಅಂಕಲ್ ಅಟೆನ್ಷನ್‌ನಲ್ಲಿ ನಿಂತಂತೆ ನೆಟ್ಟಗಾದರು. ನಂಬರುಗಳು ಕೂಡಿಬಂದವು. ಮುದ್ರೆಯ ಬಗ್ಗೆ ಅವನಿಗೆ ಸ್ವಲ್ಪ ಅನುಮಾನವಿತ್ತು, ಆದ್ದರಿಂದಲೇ ಹಲ್ಲೆಯ ಕೆಳಗಿನದು ಮುಖ್ಯ ಎಂದು ಹೇಳಿ ಸ್ಕ್ರೂವಿಗೆ ಕೈಹಾಕಿದವನು ಅಲ್ಲೇ ನಿಂತ. ಗೀರನ್ನು ಭೂತಕನ್ನಡಿಯಲ್ಲಿ ನೋಡಿದ. ಮೆಲ್ಲಗೆ ಬಿಚ್ಚಿದ. ಒಳಗೆ ಕಬ್ಬಿಣ ಥಳಥಳ ಹೊಳೆಯುತ್ತಿತ್ತು. ಮೂಲೆಯಲ್ಲಿ ಹಸಿ ಕೆಂಪು.

ಹಾಳೆಯ ಚಿತ್ರವನ್ನೊಮ್ಮೆ, ರಿವಾಲ್ವರನ್ನೊಮ್ಮೆ ನೋಡಿ, ಇದನ್ನು ಈಚೆಗೆ ಯಾರು ತೆರೆದರು ಎಂದು ಅವನು ಕೇಳಿದ. ಸಿಟ್ಟಿಲ್ಲದೆ ಕೇಳಿದ.

ಅಂಕಲ್ ಬಗ್ಗಿ, ಬೆಂಕಿಕಡ್ಡಿಯ ತುದಿಗೆ ಆ ಕೆಂಪನ್ನು ತಾಗಿಸಿಕೊಂಡು ಮೂಗಿನ ಹತ್ತಿರ ತಂದರು. ಆಮೇಲೆ ನನ್ನನ್ನು ನೋಡಿದರು. ಗದರಿಸುವ ನೋಟವಲ್ಲ. ಬಾಗಿಲು ತೆರೆದುಕೊಟ್ಟು, ಬನ್ನಿ ಎಂದು ಕಾಯುವವರ ನೋಟ. ನಾನು ಬಾಯಿ ತೆರೆದಿದ್ದರೆ ಸಾಕಿತ್ತು. ವಾಲ್ಟರನ ಮೇಜಿನ ಮೇಲಿದ್ದ ಪತ್ರ ನೆನಪಾಯಿತು. ಕೋವಿಗೆ ಆರತಿ ಎತ್ತಿದೆವು ಎಂದು ಈ ಇಬ್ಬರ ಮುಂದೆ ಹೇಳುವ ನಾಚಿಕೆಯೂ ಇತ್ತು. ಎರಡರಲ್ಲಿ ಯಾವುದು ದೊಡ್ಡದಾಗಿತ್ತೋ ಇವತ್ತಿಗೂ ತಿಳಿಯದು. ನಾನು ಮೇಜಿನ ಮೇಲಿನ ದೀಪವನ್ನು ನೋಡುತ್ತ ಕೂತೆ.

"ನಾನೇ," ಅಂದರು ಅಂಕಲ್, ತಮ್ಮ ಸೈನ್ಯದ ಇಂಗ್ಲಿಷಿನಲ್ಲಿ. "ಈ ಬೆಳಿಗ್ಗೆ ನಾನೇ ತೆರೆದೆ. ಶ್ರೀಧರ್ ಕಾರಿಗೆ ಸಾಮಾನು ಹಾಕುತ್ತಿದ್ದರು. ಅವರಿಗೆ ಗೊತ್ತಿಲ್ಲ."

"ಈ ಕೆಂಪು?" ಎಂದ ವಾಲ್ಟರ್.

"ಅದೂ ನಾನೇ."

ಪರಿಣತ ಕನ್ನಡಕ ತೆಗೆದಿಟ್ಟು, ಪ್ರಮಾಣಪತ್ರ ಕೊಡಲಾರೆನೆಂದ. ಎರಡು ಹಾಳೆಗಳನ್ನು ಜೋಡಿಸಿ ಅಂಕಲ್‌ಗೆ ವಾಪಸ್ಸು ಕೊಟ್ಟ. ವಾಲ್ಟರ್ ರಿವಾಲ್ವರ್ ಪೆಟ್ಟಿಗೆಗೆ ಬೀಗ ಹಾಕಿ, ಅರ್ಲ್‌ಗೆ ತಲುಪಿಸು ಎಂದು ನನ್ನ ಕೈಗೆ ಕೊಟ್ಟ, ಅಂಕಲ್ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಭುಜ ತಟ್ಟಿ, ನಿನ್ನ ತಪ್ಪಲ್ಲ ಎಂದು ಹೇಳಿ ಹೋದ.

ವಾಪಸ್ಸು ಬರುವಾಗ ರಿಚ್ಮಂಡ್ ದಾಟಿದ ಮೇಲೆ ಪೆಟ್ರೋಲ್ ಹಾಕಿಸಲು ನಿಲ್ಲಿಸಿದೆ. ಅಂಕಲ್ ಇಳಿದು ಹೋಗಿ ಎರಡು ಕಾಫಿ ತಂದರು. ನನ್ನದಕ್ಕೆ ಎರಡು ಸಕ್ಕರೆ ಹಾಕಿಸಿ ತಂದಿದ್ದರು. ನಾನು "ಅಂಕಲ್" ಎಂದು ಶುರು ಮಾಡಿದೆ. "ರೋಡ್ ನೋಡಿ," ಅಂದರು. ಕಾರು ಇನ್ನೂ ನಿಂತೇ ಇತ್ತು.

ವಾಲ್ಟರ್ ಎಲ್ಲವನ್ನೂ ಅರ್ಲ್‌ಗೆ ಹೇಳಿದ. ಅರ್ಲ್ ಕೂಗಾಡಲಿಲ್ಲ. ಇನ್ನು ಮೇಲೆ ಯಾವ ಕೋವಿಯನ್ನೂ ಬಿಚ್ಚಬೇಡಿ, ಹೊರಗಿನಿಂದ ಒರೆಸಿದರೆ ಸಾಕು ಎಂದನಂತೆ. ಅಂಕಲ್ ಒಂದು ವಾರ ಹೊರಗಿನಿಂದ ಒರೆಸಿದರು. ಎರಡನೆಯ ವಾರ ಹೋಗಲಿಲ್ಲ. ಆ ವಿಧವೆಯ ರಿವಾಲ್ವರನ್ನು ಕೈಯಾಡಿಸಿದ ಮಾಲು ಎಂದು ಯಾರೂ ಕೊಳ್ಳದೆ ಅವಳು ಮನೆಗೆ ಒಯ್ದಳು. ಅದು ಅಸಲಿಯಾಗಿತ್ತು. ಅದು ಅಸಲಿ ಎಂದು ತಿಳಿದವರು ಇಬ್ಬರೇ, ಒಬ್ಬರು ಹೇಳಿದರೆ ಯಾರೂ ನಂಬುತ್ತಿರಲಿಲ್ಲ, ಇನ್ನೊಬ್ಬ ಹೇಳಲಿಲ್ಲ. ನನ್ನ ಪತ್ರಕ್ಕೆ ಆ ತಿಂಗಳೇ ಸಹಿ ಬಿತ್ತು.

ಆಮೇಲೆ ನಾನು ಅಂಕಲ್ ಎದುರಾಗದ ಹಾಗೆ ಬದುಕುವುದನ್ನು ಕಲಿತೆ. ಅವರು ಬರುವ ಇಂಡಿಯನ್ ಅಂಗಡಿಗೆ ಹೋಗುವುದನ್ನು ಬಿಟ್ಟೆ. ಯುಗಾದಿ ಊಟಕ್ಕೆ ನೆಗಡಿ ಎಂದೆ. ವೀಣಾ ಮಾತ್ರ ಆಗಾಗ ಆಂಟಿಗೆ ಫೋನು ಮಾಡುತ್ತಿದ್ದಳು, ಮಾಡಿದ ಮೇಲೆ ನನ್ನ ಜೊತೆ ಮಾತಾಡುತ್ತಿರಲಿಲ್ಲ.

ಗ್ರೀನ್ ಕಾರ್ಡ್ ಕೈಗೆ ಬಂದ ವಾರ ನಾನು ಅವರನ್ನು ಹುಡುಕಿಕೊಂಡು ಹೋದೆ. ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಕೀಲಿ ಕತ್ತರಿಸಿಕೊಡುವ ಕೌಂಟರಿನ ಹಿಂದೆ ಕೆಂಪು ಏಪ್ರನ್ ಕಟ್ಟಿಕೊಂಡು ನಿಂತಿದ್ದರು. ನನ್ನನ್ನು ನೋಡಿ ಮುಖ ಅರಳಿತು. ಅದನ್ನೇ ನನಗೆ ತಡೆಯಲಾಗಲಿಲ್ಲ. ಇವತ್ತೇ ವಾಲ್ಟರ್‌ಗೂ ಅರ್ಲ್‌ಗೂ ಎಲ್ಲ ಹೇಳಿಬಿಡುತ್ತೇನೆ ಎಂದೆ. ಅವರು ಗಿರಾಕಿಯ ಕೀಲಿ ಮುಗಿಸಿ, ಅದರ ಹಲ್ಲುಗಳನ್ನು ಹೆಬ್ಬೆರಳಿನಿಂದ ಸವರಿ ನೋಡಿ, ಕೊಟ್ಟು ಕಳಿಸಿದ ಮೇಲೆ ನನ್ನ ಕಡೆ ತಿರುಗಿದರು.

"ಆವತ್ತು ನಾನು ಕಾದೆ, ಶ್ರೀಧರ್. ನೀವು ಹೇಳ್ತೀರಿ ಅಂತ. ಅವರೂ ಕಾಯ್ತಾ ಇದ್ರು. ಯಾರಾದ್ರೂ ಒಬ್ರು ಹೇಳಲೇಬೇಕಿತ್ತಲ್ಲ."

ನನ್ನ ಮೇಲೆ ಕೋಪ ಬರಲಿಲ್ಲವೇ ಎಂದು ಕೇಳಿದೆ.

"ಬಂತು. ತುಂಬಾ ಬಂತು. ಆಮೇಲೆ ಹೋಯ್ತು." ಏಪ್ರನ್ನಿನ ಮೇಲಿನ ಲೋಹದ ಪುಡಿ ಕೊಡವಿಕೊಂಡರು. "ಈಗ ಹೇಳಬೇಡಿ. ಆವತ್ತು ಹೇಳಿದ್ರೆ ನನ್ನ ಕೆಲಸ ಉಳೀತಿತ್ತು. ಈಗ ಹೇಳಿದ್ರೆ ನಿಮ್ಮ ಮನಸ್ಸು ಹಗುರ ಆಗುತ್ತೆ, ಅಷ್ಟೇ. ಅದಕ್ಕೆ ನಾನ್ಯಾಕೆ ಮತ್ತೆ ಅವರ ಬಾಯಿಗೆ ಬೀಳಲಿ?"

ಮನೆಗೆ ಊಟಕ್ಕೆ ಬನ್ನಿ, ಆಂಟಿ ನಿಮಗೋಸ್ಕರ ಸಸ್ಯಾಹಾರ ಮಾಡುತ್ತಾಳೆ ಎಂದು ಕರೆದರು. ಬರುತ್ತೇನೆ ಎಂದು ಹೇಳಿ ಬಂದೆ. ಹೋಗಲಿಲ್ಲ. ಅದೇ ಕೊನೆಯ ಭೇಟಿ. ಕೆಲವು ತಿಂಗಳಲ್ಲಿ ದೇಚಮ್ಮನಿಗೆ ಅಟ್ಲಾಂಟಾದಲ್ಲಿ ಕೆಲಸ ಸಿಕ್ಕಿ ಸಂಸಾರ ಅಲ್ಲಿಗೆ ಹೋಯಿತು. ಮರುವರ್ಷದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗಲೇ ಅಂಕಲ್ ಎದೆ ಹಿಡಿದುಕೊಂಡು ಕುಸಿದರು ಎಂದು ಫೋನು ಬಂತು. ಆ ದಶಕ ಮುಗಿಯಲು ಇನ್ನೂ ಒಂದು ವರ್ಷವಿತ್ತು.

ನಾನೂ ವೀಣಾಳೂ ಹೋದೆವು. ಬಂದವರೆಲ್ಲ ಹೊರಟ ಮೇಲೆ ದೇಚಮ್ಮ ನನ್ನ ಪಕ್ಕ ಬಂದು ಕೂತು, ಒಂದು ಮಾತು ಕೇಳಲೇ ಅಂದಳು. ಅಪ್ಪ ಆ ಅಂಗಡಿ ಯಾಕೆ ಬಿಟ್ಟರೆಂದು ಅವರು ಬಾಯಿ ಬಿಟ್ಟು ಹೇಳಿರಲಿಲ್ಲವಂತೆ. ಅರ್ಲ್ ಹೇಳಿದ್ದಷ್ಟೇ ಮನೆಯವರಿಗೆ ಗೊತ್ತು: ನಿನ್ನ ಅಪ್ಪ ಒಳ್ಳೆಯ ಮನುಷ್ಯ, ಆದರೆ ಹೆಸರಿನ ಆಸೆಗೆ ಬಿದ್ದು ಕೋವಿಯೊಳಗೆ ಬಣ್ಣ ಹಾಕಿದ.

"ಅಪ್ಪ ಹಾಗೆ ಮಾಡಿದ್ರಾ?" ಅಂದಳು. "ನೀವಿದ್ರಲ್ಲ ಅಲ್ಲಿ?"

ನಾನು ಎಲ್ಲವನ್ನೂ ಹೇಳಿದೆ. ತಟ್ಟೆ, ಆರತಿ, ಸ್ಕ್ರೂಡ್ರೈವರ್, ಕಸದ ಬುಟ್ಟಿ, ಆ ನೋಟ, ನನ್ನ ಮೌನ, ಒಂದನ್ನೂ ಬಿಡಲಿಲ್ಲ. ಅವಳು ಅಳಲಿಲ್ಲ, ಬೈಯಲೂ ಇಲ್ಲ. ಅಡುಗೆಮನೆಯ ಕಡೆ ಕೈ ತೋರಿಸಿದಳು.

"ಅಮ್ಮ ಒಳಗಿದ್ದಾರೆ. ಅವರಿಗೂ ಹೇಳಿ. ಅವತ್ತಿಂದ ಅಮ್ಮ ಅಪ್ಪನ್ನ ಚುಚ್ಚಿ ಮಾತಾಡದ ದಿನ ಇಲ್ಲ. ಈ ವಯಸ್ಸಲ್ಲಿ ಬೋರ್ಡಿಗೋಸ್ಕರ ಮಾನ ಕಳ್ಕೊಂಡ್ರಿ ಅಂತ."

ಆಂಟಿ ಅಡುಗೆಮನೆಯಲ್ಲಿ ತೊಳೆದ ಲೋಟಗಳನ್ನು ಮತ್ತೆ ಮತ್ತೆ ಒರೆಸಿ ಜೋಡಿಸುತ್ತಿದ್ದರು. ನಿಂತೇ ಕೇಳಿದರು. ನಾನು ಮುಗಿಸಿದ ಮೇಲೆ ಕೈಲಿದ್ದ ಲೋಟವನ್ನು ಕೆಳಗಿಟ್ಟು, ಸ್ಟವ್‌ನ ಅಂಚು ಹಿಡಿದುಕೊಂಡರು.

"ನನಗೆ ಗೊತ್ತಿತ್ತು," ಅಂದರು. "ಅವರು ಹಾಗೆ ಮಾಡೋರಲ್ಲ ಅಂತ ನನಗೆ ಗೊತ್ತಿತ್ತು. ನಾನು ಬೈದ್ರೆ ನಿಜ ಹೇಳ್ತಾರೆ ಅಂತ ಬೈದೆ. ದಿನಾ ಬೈದೆ. ಅವರು ಹೇಳಲೇ ಇಲ್ಲ."

ಅವರು ಅಲ್ಲೇ ನೆಲದ ಮೇಲೆ ಕೂತು ಅಳತೊಡಗಿದರು. ವೀಣಾ ಓಡಿಬಂದು ಅವರನ್ನು ತಬ್ಬಿಕೊಂಡಳು, ದೇಚಮ್ಮ ನೀರು ತಂದಳು. ಅವರನ್ನು ಸಮಾಧಾನ ಮಾಡುವ ಹಕ್ಕು ಆ ಮನೆಯಲ್ಲಿ ನನಗೊಬ್ಬನಿಗೆ ಇರಲಿಲ್ಲ.